ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು

ಅವರು ನನಗೆ ಕಲಿಸಿದ ಮೊದಲ ಇಂಗ್ಲಿಷ್ ಶಬ್ದ ‘ಅಬ್‌ಸ್ಕಾಂಡೆಡ್’. ನಾನು ತೊಳೆದಿಟ್ಟ ಬಂಗಡೆಯೊಂದನ್ನು ಕಚ್ಚಿಕೊಂಡು ನಮ್ಮ ಬೆಕ್ಕು ಅವರ ಬೇಲಿ ಹಾರಿ ಹೋದ ಸಂಜೆ ಅದು. ನಾನು ಹಿಡಿಸೂಡಿ ಹಿಡಿದು ಬೇಲಿಯ ಈಚೆ ನಿಂತು ಬೈಯುತ್ತಿದ್ದೆ. ಅವರು ಆಗಷ್ಟೇ ಕೋರ್ಟಿನಿಂದ ಬಂದಿದ್ದರು. ಕರಿ ಟೋಪಿ ಇನ್ನೂ ತಲೆಯ ಮೇಲಿತ್ತು. ಕೊಡೆಯನ್ನು ಜಗಲಿಯ ಕಂಬಕ್ಕೆ ತೂಗುಹಾಕುತ್ತ ಸಾವಕಾಶವಾಗಿ ಹೇಳಿದರು:

“ತಂಗೀ, ಬೈದು ಪ್ರಯೋಜನ ಇಲ್ಲ. ಅಕ್ಯೂಸ್ಡ್ ಅಬ್‌ಸ್ಕಾಂಡೆಡ್.”

“ಹಾಗಂದ್ರೆ ಎಂತ?”

“ಆರೋಪಿ ಪರಾರಿ.”

“ಪರಾರಿಯಾದದ್ದು ನನಗೂ ಕಾಣ್ತದೆ. ನನ್ನ ಬಂಗಡೆ?”

“ಅದು ಮುದ್ದೇಮಾಲು. ಅದೂ ಸಿಗೂದಿಲ್ಲ.”

ಹೋದ ವಾರ ಕಾಯ್ಕಿಣಿಯಿಂದ ಬಂದ ನೆಂಟರೊಬ್ಬರು ಚಹಾ ಕುಡಿಯುತ್ತ, ಏನೋ ನೆನಪಾದವರಂತೆ, “ನಿಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಇದ್ದರಲ್ಲ, ಜೈಲಿಗೆ ಹೋದವರು, ತೀರಿಕೊಂಡರು” ಎಂದರು. ಸಾವಿನ ಸುದ್ದಿಗಿಂತ ಆ ಎರಡು ಮಾತು ಚುಚ್ಚಿತು: ಜೈಲಿಗೆ ಹೋದವರು. ಮೂವತ್ತು ವರ್ಷ ಕೋರ್ಟಿನಲ್ಲಿ ಬೆನ್ನು ಬಗ್ಗಿಸಿದ ಮನುಷ್ಯನ ಗುರುತಿಗೆ ಈಗ ಉಳಿದದ್ದು ಇಷ್ಟೇ. ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಮಾತು ಸುಳ್ಳಲ್ಲ. ಅದಲ್ಲದೆ ಅವರನ್ನು ಅಲ್ಲಿಗೆ ಕಳಿಸಿದ್ದರಲ್ಲಿ ನನ್ನ ಕೈಯೂ ಇದೆ. ಅದಕ್ಕೇ ಈ ನಾಲ್ಕು ಮಾತು.

ಅವರ ಹೆಸರು ಬರೆಯುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ, ಮೂರು ಕಡೆಯೂ ಅವರು ಕೆಲಸ ಮಾಡಿದವರು. ಇದು ಯಾವ ಪೇಟೆಯಲ್ಲಿ ನಡೆದದ್ದು ಎಂಬುದನ್ನೂ ಬಿಡುತ್ತೇನೆ. ಅವರ ಹೆಂಡತಿ ಇನ್ನೂ ಇದ್ದಾರೆ. ನಮ್ಮ ಕೇರಿಯವರೆಲ್ಲ ಅವರನ್ನು ಕೋರ್ಟಣ್ಣ ಎನ್ನುತ್ತಿದ್ದರು. ಆ ಹೆಸರೇ ಸಾಕು.

ಅವರು ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಕಾರಕೂನರು. ಸಾಹೇಬರು ಯಾವಾಗಲೂ ಬೇರೆ ಸೀಮೆಯವರೇ ಬರುತ್ತಿದ್ದರು. ಅವರಿಗೆ ನಮ್ಮ ಮಾತು ತಿಳಿಯದು. ಸಾಕ್ಷಿ ಕನ್ನಡದಲ್ಲೋ ಕೊಂಕಣಿಯಲ್ಲೋ ಭಟ್ಕಳದವರ ನವಾಯತಿಯಲ್ಲೋ ಹೇಳಿದ್ದನ್ನು ಕೋರ್ಟಣ್ಣ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು, ಸಾಹೇಬರು ಬರೆದುಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಆ ಬರಹವನ್ನು ಮತ್ತೆ ಸಾಕ್ಷಿಯ ಮಾತಿನಲ್ಲಿ ಓದಿ ಹೇಳಿ, “ಸರಿಯೇ?” ಎಂದು ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಇದು ಅವರ ದಿನದ ಕೆಲಸ.

ನಾನು ಓದಿದ್ದು ಕನ್ನಡ ಆರನೇ ಇಯತ್ತೆ. ನಮ್ಮ ಮನೆಯವರದು ಸಣ್ಣ ಜವಳಿ ಅಂಗಡಿ. ಇಂಗ್ಲಿಷ್ ಕಲಿಯಬೇಕೆಂಬ ಆಸೆ ನನಗೆ ಮಕ್ಕಳು ಶಾಲೆಗೆ ಹೋಗಲು ಹತ್ತಿದ ಮೇಲೆ ಬಂತು. ಬೆಕ್ಕಿನ ಪ್ರಕರಣವಾದ ಮಾರನೆಯ ದಿನ ಬೇಲಿಯ ಮೇಲಿಂದ ಒಂದು ಚೀಟಿ ಬಂತು. ಹಾಳಾದ ಸಮನ್ಸು ಫಾರಮನ್ನು ಕತ್ತರಿಸಿ ಮಾಡಿದ್ದು. ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಒಂದು ಇಂಗ್ಲಿಷ್ ಶಬ್ದ, ಕೆಳಗೆ ಕನ್ನಡದಲ್ಲಿ ಅದರ ಉಚ್ಚಾರ, ಅರ್ಥ. ಅಂದಿನಿಂದ ದಿನಕ್ಕೊಂದು. ಬೇಲ್, ವಾರಂಟ್, ಅಪೀಲ್, ಫೈನ್, ಡಿಸ್‌ಚಾರ್ಜ್. ನಾನು ಅವನ್ನು ಮೆಂತ್ಯದ ಡಬ್ಬಿಯಲ್ಲಿ ಇಡುತ್ತಿದ್ದೆ. ಇವತ್ತಿಗೂ ‘ಬೇಲ್’ ಎಂದರೆ ನನ್ನ ಮೂಗಿಗೆ ಮೆಂತ್ಯದ ವಾಸನೆ ಬರುತ್ತದೆ.

ಆದರೆ ಕೋರ್ಟು ಬಿಟ್ಟು ಹೊರಗೆ ಅವರ ಇಂಗ್ಲಿಷು ಒಂದು ಹೆಜ್ಜೆಯೂ ಹೋಗುತ್ತಿರಲಿಲ್ಲ. ಒಮ್ಮೆ ದಾಸವಾಳ ತೋರಿಸಿ, “ಅಣ್ಣ, ಇದಕ್ಕೆ ಎಂತ ಹೇಳ್ತಾರೆ?” ಎಂದು ಕೇಳಿದೆ. ಕನ್ನಡಕ ತೆಗೆದರು, ಧೋತರದ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ಹೂವನ್ನು ನೋಡಿದರು. “ಅದು ನಮ್ಮ ಖಾತೆಗೆ ಬರೂದಿಲ್ಲ ತಂಗಿ. ಯಾರಾದ್ರೂ ಕದ್ದರೆ ಹೇಳ್ತೆ.”

ಮನೆಯಲ್ಲೂ ಅದೇ ಮಾತು. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿಗೆ, “ಫಸ್ಟ್ ಅಫೆನ್ಸ್, ಎಚ್ಚರಿಕೆ ಕೊಟ್ಟು ಬಿಡಲಾಗಿದೆ” ಎನ್ನುತ್ತಿದ್ದರು. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೊಣಕಾಲು ನೋವಿನವರು, ಕೂತಲ್ಲಿಂದಲೇ ಸಟ್ಟುಗ ಕುಟ್ಟುತ್ತಿದ್ದರು. “ನಾಳೆಯಿಂದ ನಿಮ್ಮ ಕೋರ್ಟಿಗೆ ಒಲೆ ಹೊತ್ತೂದಿಲ್ಲ. ಆಗ ಎಂತ ಬರೀತ್ರಿ ಕಾಂಬ.”

ಒಂದು ವಿಷಯದಲ್ಲಿ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಕೇರಿಯಲ್ಲಿ ಯಾರನ್ನಾದರೂ ಪೋಲೀಸರು ಹಿಡಿದರೆಂದು ಕೇಳಿ ನಾವು “ಕಳ್ಳ” ಎಂದೆವೋ, ಅವರ ಕಿವಿ ಕೆಂಪಾಗುತ್ತಿತ್ತು. “ನಮ್ಮ ಬಾಯಲ್ಲಿ ಒಂದೇ ಮಾತು, ಕಳ್ಳ. ಮುಗೀತು. ಅವರ ಭಾಷೆಯಲ್ಲಿ ಅಲ್ಲಿಗೆ ಹೋಗೂಕೆ ಐದು ಮೆಟ್ಟಲು. ಮೊದಲು ಸಸ್ಪೆಕ್ಟ್, ಬರೀ ಅನುಮಾನ. ಆಮೇಲೆ ಅರೆಸ್ಟೆಡ್, ಹಿಡಿದದ್ದು ಅಷ್ಟೆ. ಆಮೇಲೆ ಅಕ್ಯೂಸ್ಡ್. ಆಮೇಲೆ ಟ್ರಾಯಲ್. ಕಡೆಗೆ ಕನ್ವಿಕ್ಟೆಡ್. ಐದನೇ ಮೆಟ್ಟಲು ಹತ್ತೂವರೆಗೆ ಅವ ನಿನ್ನ ಹಾಗೆ, ನನ್ನ ಹಾಗೆ.”

ಆ ದಿನ ಬಳಚು ಮಾರುವ ಮಾದೇವಿ ನಮ್ಮ ಜಗಲಿಯಲ್ಲಿ ಕೂತು ಎಲೆ ಹಾಕುತ್ತಿದ್ದಳು. ಬಳಚು ಎಂದರೆ ಹೊಳೆಬಾಯಿಯ ಕೆಸರಿನಲ್ಲಿ ಸಿಗುವ ಚಿಪ್ಪಿ. ಮಾದೇವಿ ಹೊಳೆಯ ಆಚೆ ದಡದವಳು. ನೀರು ಇಳಿದಾಗ ಹೊಳೆಯಲ್ಲಿ ಬಳಚು ಹೆಕ್ಕಿ, ಎರಡು ತಾಸು ನಡೆದು ನಮ್ಮ ಪೇಟೆಗೆ ತಂದು ಮಾರುವುದು, ಕತ್ತಲಾಗುವ ಮೊದಲು ಮತ್ತೆ ನಡೆದು ಕಡೆಯ ತಾರಿ ದೋಣಿ ಹಿಡಿದು ಮನೆ ಸೇರುವುದು. ಹೊತ್ತು ಮೀರಿದರೆ ಪೇಟೆಯ ತಂಗಿಯ ಮನೆಯಲ್ಲಿ ಉಳಿಯುತ್ತಿದ್ದಳು. ಅವಳು ಕೋರ್ಟಣ್ಣನ ಮಾತೆಲ್ಲ ಕೇಳಿ, ಎಲೆ ಉಗಿದು ಕೇಳಿದಳು:

“ಹತ್ತೂಕೆ ಐದು ಮೆಟ್ಟಲು ಅಂದ್ರಿ. ಹತ್ತಿದವ ಇಳಿಯೂಕೆ ಎಷ್ಟು ಒಡೆಯಾ?”

ಅವರು ಕೊಡೆ ತೆಗೆದುಕೊಂಡು ಒಳಗೆ ಹೋದರು. “ಸಿಕ್ಕಿಬಿದ್ರು” ಎಂದು ಮಾದೇವಿ ನಕ್ಕಳು.

ಆಗ ಯುದ್ಧದ ಕಾಲ. ಅಕ್ಕಿ ಒಂದು ತಾಲೂಕಿನಿಂದ ಇನ್ನೊಂದಕ್ಕೆ ಹೋಗಬಾರದೆಂದು ಕಟ್ಟುನಿಟ್ಟು. ಮೀನಿನ ಬುಟ್ಟಿಯ ತಳದಲ್ಲಿ ಎರಡು ಸೇರು ಅಕ್ಕಿ ಇಟ್ಟುಕೊಂಡ ಹೆಂಗಸರಿಗೂ ಕಾಗದ ಬರುತ್ತಿತ್ತು. ಅವರು ಅದನ್ನು ಹಿಡಿದು ನಡುಗುತ್ತ ನನ್ನ ಹತ್ತಿರ ಬರುತ್ತಿದ್ದರು. “ಇದು ಸಮನ್ಸು ಮಾರಾಯ್ತಿ, ವಾರಂಟಲ್ಲ. ಹೋಗಿ ಹಾಜರಾಗುದು, ಅಷ್ಟೆ” ಎಂದು ಹೇಳುವಷ್ಟು ಇಂಗ್ಲಿಷ್ ನನಗೆ ಬಂದಿತ್ತು. ಅವರ ಮುಖಕ್ಕೆ ಉಸಿರು ಬರುವುದನ್ನು ಕಂಡಾಗ ನನಗೆ ಆಗುತ್ತಿದ್ದ ಹೆಮ್ಮೆಯನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಅದೇ ಯುದ್ಧದ ದೆಸೆಯಿಂದ ಸರಕಾರದವರು ದೇಶದ ಗಡಿಯಾರವನ್ನೆಲ್ಲ ಒಂದು ತಾಸು ಮುಂದೆ ಇಟ್ಟಿದ್ದರು. ಕೋರ್ಟು, ಪೋಲೀಸು, ಶಾಲೆ ಎಲ್ಲ ಹೊಸ ಟೈಮಿಗೆ. ಹಸಿವು, ದನ, ಹೊಳೆಯ ನೀರು ಹಳೆಯದಕ್ಕೇ. ನನಗೆ ದಿನವೂ ನಾಲ್ಕು ಸಾಲು ಬರೆದಿಡುವ ಚಾಳಿ ಇತ್ತು: ತಿಥಿ, ಅಂದಿನ ಪಲ್ಯ, ಯಾರು ಬಂದರು, ಯಾವ ಮೀನು ಬಂತು. ಗೊಂದಲವಾಗಬಾರದೆಂದು ಪುಟದ ನಡುವೆ ಗೆರೆ ಎಳೆದು ಹಳೆ ಟೈಮು ಒಂದು ಬದಿ, ಹೊಸ ಟೈಮು ಇನ್ನೊಂದು ಬದಿ ಬರೆಯುತ್ತಿದ್ದೆ. ನಮ್ಮ ಮನೆಯವರು ನಗುತ್ತಿದ್ದರು. “ಗಂಜಿ ಬೆಂದದ್ದಕ್ಕೂ ಎರಡೆರಡು ಟೈಮನೆ?”

ಹೊಳೆಯವರಿಗೆ ಗಂಟೆಯ ಲೆಕ್ಕ ಇಲ್ಲ. ಅವರು ಸಾಕ್ಷಿ ಹೇಳುವಾಗ “ಅರ್ಧ ಭರತಿಗೆ”, “ನೀರು ತಿರುಗುವಾಗ” ಎನ್ನುತ್ತಾರೆ. ಸಾಹೇಬರಿಗೆ ಗಂಟೆ ಬೇಕು. ಇದರಲ್ಲಿ ಕೋರ್ಟಣ್ಣನನ್ನು ಮೀರಿಸಿದವರಿರಲಿಲ್ಲ. ತಿಥಿ ಒಂದು ದಾಟಿದರೆ ನೀರು ಎರಡು ಗಳಿಗೆ ತಡ. ಅವರು ಹೆಬ್ಬೆರಳಿನಿಂದ ಉಳಿದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಹೋಗಿ, ಒಂದು ಕಡೆ ನಿಂತು, ಇಂಥ ತಿಥಿಯ ಇಳಿತ ಇಂಥ ಗಂಟೆಗೆ ಎಂದು ಹೇಳಿಬಿಡುತ್ತಿದ್ದರು. ಪ್ರಾಯದಲ್ಲಿ ತಾರಿಯವರಿಂದ ಕಲಿತದ್ದಂತೆ. ನಾನು ಎಷ್ಟೋ ಸಲ ಮಾದೇವಿ ಬರುವ ಹೊತ್ತನ್ನು ಅವರ ಬೆರಳಿನಿಂದಲೇ ತಿಳಿದು ಒಲೆ ಹೊತ್ತಿಸಿದ್ದೇನೆ.

ಇನ್ನೊಂದು ನೆನಪು ಬರೆಯಲೇಬೇಕು. ಅವರ ಹತ್ತಿರ ಒಂದು ರಬ್ಬರಿನ ಶಿಕ್ಕೆ ಇತ್ತು, ಮುಂಬಯಿಯಿಂದ ಮಾಡಿಸಿ ತಂದದ್ದು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು, ಸಾಕ್ಷಿ ಬರೆದುಕೊಳ್ಳುವ ಖಾಲಿ ಫಾರಮುಗಳ ಕಡೆಯ ಹಾಳೆಯ ಅಡಿಯಲ್ಲಿ ಆ ಶಿಕ್ಕೆಯನ್ನು ಟಪ್ ಟಪ್ ಎಂದು ಒತ್ತುತ್ತಿದ್ದರು. ನೇರಳೆ ಶಾಯಿ. ಅವರ ಅಂಗಳಕ್ಕೆ ಹಲಸಿನ ಮರದ ನೆರಳು, ನಮ್ಮದಕ್ಕೆ ಒಳ್ಳೆಯ ಬಿಸಿಲು. “ತಂಗೀ, ಸ್ವಲ್ಪ ಒಣಗಿಸಿ ಕೊಡು” ಎಂದು ಕಟ್ಟು ಕೊಡುತ್ತಿದ್ದರು. ನಾನು ಸಂಡಿಗೆ ಹಾಕಿದ ಚಾಪೆಯ ಅರ್ಧದಲ್ಲಿ ಅವನ್ನು ಹರಡಿ ಮೂಲೆಗೆ ಕಲ್ಲು ಇಡುತ್ತಿದ್ದೆ. ಒಮ್ಮೆ ಗಾಳಿಗೆ ಹಾಳೆ ಮಗುಚಿ ಸಂಡಿಗೆಗೆ ನೇರಳೆ ಬಣ್ಣ ಹತ್ತಿತು. ಕರಿದು ತಿಂದೆವು, ನಕ್ಕೆವು. ಆ ಶಿಕ್ಕೆಯಲ್ಲಿ ಏನು ಬರೆದಿದೆ ಎಂದು ನಾನು ಕೇಳಿರಲಿಲ್ಲ.

ಒಂದು ತ್ರಯೋದಶಿಯ ಮಧ್ಯಾಹ್ನ ಪೇಟೆಯ ಅಂಚಿನ ಕಟ್ಟಿಗೆ ಡಿಪೋಕ್ಕೆ ಬೆಂಕಿ ಬಿತ್ತು. ನನ್ನ ಪುಸ್ತಕದಲ್ಲಿದೆ: “ಬೆಂಕಿಯ ದೆಸೆಯಿಂದ ಬಳಚು ಬರಲಿಲ್ಲ. ಹೊಸ ನಾಲ್ಕಕ್ಕೆ ಡಿಪೋ ಹೊತ್ತಿತು. ಒಗೆದ ಬಟ್ಟೆಯ ಮೇಲೆಲ್ಲ ಮಸಿ.” ಎರಡು ದಿನದಲ್ಲಿ ಮಾದೇವಿಯ ಊರಿನ ಹೊನ್ನಪ್ಪ ಎಂಬವನನ್ನು ಹಿಡಿದರು. ಹಿಂದಿನ ದಿನ ಅವನಿಗೂ ಡಿಪೋದ ಕಾವಲುಗಾರನಿಗೂ ಒಂದು ಹೊರೆ ಕಟ್ಟಿಗೆಗಾಗಿ ಜಗಳವಾಗಿತ್ತು. “ನಿನ್ನ ಡಿಪೋ ಸುಟ್ಟು ಬೂದಿಯಾಗಲಿ” ಎಂದು ಹತ್ತು ಜನರ ಎದುರು ಶಪಿಸಿದ್ದ. ಅಷ್ಟೇ ಸಾಕಾಯಿತು.

ಆದರೆ ಬೆಂಕಿ ಬಿದ್ದ ದಿನ ಅವನು ಹೊಳೆಯಲ್ಲಿ ಬಳಚು ಹೆಕ್ಕುತ್ತಿದ್ದ. ಜೊತೆಯಲ್ಲಿದ್ದ ಉಳಿದವರು ಕೋರ್ಟೆಂದರೆ ಹೆದರಿ ಹಿಂದೆ ಸರಿದರು. ಮಾದೇವಿ ಒಬ್ಬಳು ಹೋದಳು. “ನೋಡಿದ್ದು ಹೇಳೂಕೆ ಎಂತ ಹೆದರಿಕೆ?” ಎಂದು ನನ್ನ ಹತ್ತಿರ ಬುಟ್ಟಿ ಇಟ್ಟು ಹೋದಳು.

ಆ ಸಂಜೆ ಕೋರ್ಟಣ್ಣ ಬೇಲಿಯ ಹತ್ತಿರ ಬಂದು ತಾವಾಗಿಯೇ ಹೇಳಿದರು: “ನಿನ್ನ ಬಳಚಿನ ಮಾದೇವಿ ಗಟ್ಟಿ ಸಾಕ್ಷಿ. ವಕೀಲರು ಎಷ್ಟು ತಿರುಗಿಸಿದ್ರೂ ಒಂದೇ ಮಾತು. ಮುಗಿಯೂ ಹೊತ್ತಿಗೆ ಐದು ಹೊಡೀತು. ಪಾಪ, ತಂಗಿ ಬಾಣಂತನಕ್ಕೆ ಹೋದ್ದಂತೆ, ಪೇಟೆಯಲ್ಲಿ ಉಳಿಯೂಕೆ ಜಾಗ ಇಲ್ಲ. ತಾರಿ ತಪ್ಪೀತು ಅಂತ ಬೇಗ ಕಳಿಸಿದೆ.”

ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ಅದನ್ನೂ ಪುಸ್ತಕದಲ್ಲಿ ಬರೆದೆ.

ತೀರ್ಪಿನ ದಿನ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಂದರು. “ಕನ್ವಿಕ್ಟೆಡ್. ಒಂದು ವರ್ಷ ರಿಗರಸ್.” ಆ ಶಬ್ದ ಅವರೇ ಕಲಿಸಿದ್ದರು. ಸಿಂಪಲ್ ಎಂದರೆ ಜೈಲಿನಲ್ಲಿ ಸುಮ್ಮನೆ ಕೂತಿರುವುದು, ರಿಗರಸ್ ಎಂದರೆ ಸಖ್ತ ಮಜೂರಿ. “ಸಾಕ್ಷಿ ಒಳ್ಳೇದಿತ್ತು ತಂಗಿ. ಸಾಹೇಬರು ಅವಳು ಸುಳ್ಳು ಹೇಳಿದ್ದು ಅಂತ ಹೇಳಲಿಲ್ಲ. ಆದ್ರೆ ಎರಡು ಗಂಟೆಗೆ ಹೊಳೆ ಬಿಟ್ಟವ ಎರಡು ತಾಸು ನಡೆದ್ರೆ ನಾಲ್ಕಕ್ಕೆ ಡಿಪೋ ಮುಟ್ಟಬಹುದು ಅಂದ್ರು. ಟೈಮು ಸಾಲಲಿಲ್ಲ.”

ಇದಾಗಿ ಹತ್ತೊಂಬತ್ತು ದಿನಕ್ಕೆ ಮಾದೇವಿ ಬಂದಳು. ಬುಟ್ಟಿಯಲ್ಲಿ ಬಳಚಿರಲಿಲ್ಲ. ಎಲೆಯಲ್ಲಿ ಸುತ್ತಿದ ಕಾಗದದ ಕಟ್ಟು ಇತ್ತು. ಅಪೀಲು ಮಾಡಲು ವಕೀಲರು ತೆಗೆಸಿದ ನಕಲು. “ಹೊನ್ನಪ್ಪನ ಹೆಂಡ್ತಿ ತುಂಬು ಬಸುರಿ ಅಮ್ಮ, ನಡೆಯೂಕಾಗುದಿಲ್ಲ. ನಾ ಎಂತ ಹೇಳಿದೆ ಅಂತ ಬರೆದ್ರು, ಅದೊಂದು ಓದಿ ಹೇಳಿ. ಅವಳಿಗೆ ನನ್ನ ಮೇಲೇ ಅನುಮಾನ. ನೀನೇ ಏನೋ ತಪ್ಪು ಹೇಳಿ ಬಂದೆ ಅಂತಾಳೆ.”

ಬೆರಳಿಟ್ಟು ಓದಿದೆ. ಸಾವಕಾಶವಾಗಿ, ಒಂದೊಂದೇ ಶಬ್ದ. ಗೊತ್ತಿಲ್ಲದ್ದು ಬಿಟ್ಟೆ. ಒಂದು ಸಾಲು ಪೂರ್ತಿ ತಿಳಿಯಿತು: ಸುಮಾರು ಎರಡು ಗಂಟೆಯವರೆಗೆ ಆರೋಪಿ ನನ್ನ ಬಳಿ ಇದ್ದನು.

“ನೀ ಎರಡು ಗಂಟೆ ಅಂದ್ಯನೆ?”

“ನನಗೆ ಗಂಟೆ ಎಂತ ಗೊತ್ತು? ನೀರು ಪೂರ್ತಿ ಇಳಿದು ತಿರುಗೂವರೆಗೆ ಅವ ನನ್ನ ಬಗಲಿಗೇ ಇದ್ದ ಅಂದೆ. ಅವರು ಬೆರಳು ಎಣಿಸಿ ಸಾಯೇಬ್ರಿಗೆ ಎಂತದೋ ಅಂದ್ರು.”

ಎದ್ದು ಹೋಗಿ ನನ್ನ ಪುಸ್ತಕ ತಂದೆ. ಹಿಂದಿನ ತ್ರಯೋದಶಿಗೆ ಮಾದೇವಿ ಬಳಚು ತಂದದ್ದು ಹಳೆ ನಾಲ್ಕೂವರೆ, ಹೊಸ ಐದೂವರೆ. ಬಳಚು ತೊಳೆಯಲು ಅರ್ಧ ತಾಸು, ನಡೆಯಲು ಎರಡು ತಾಸು. ಹಾಗಾದರೆ ತ್ರಯೋದಶಿಯ ನೀರು ತಿರುಗುವುದು ಹಳೆ ಎರಡಕ್ಕೆ, ಹೊಸ ಮೂರಕ್ಕೆ. ಡಿಪೋ ಹೊತ್ತಿದ್ದು ಹೊಸ ನಾಲ್ಕಕ್ಕೆ. ನಡುವೆ ಇದ್ದದ್ದು ಒಂದೇ ತಾಸು. ಒಂದು ತಾಸಿನಲ್ಲಿ ತಾರಿ ದಾಟಿ ಆ ದಾರಿಯನ್ನು ಯಾರೂ ನಡೆದು ಮುಗಿಸಲಾರರು.

ಕೋರ್ಟಣ್ಣ ಗಡಿಯಾರ ತಿರುಗಿಸಿದ್ದರು, ಬೆರಳು ತಿರುಗಿಸಿರಲಿಲ್ಲ.

“ಮಾದೇವಿ, ಬರೆದದ್ದನ್ನು ನಿನಗೆ ಓದಿ ಹೇಳಲಿಲ್ವ? ಎರಡು ಗಂಟೆ ಅಂತ ಕೇಳಿದ್ರೆ ನೀನು ಅಲ್ಲೇ ಕೇಳಬಹುದಿತ್ತಲ್ಲ, ಯಾವ ಟೈಮು ಅಂತ?”

“ಎಂತ ಓದುದು ಅಮ್ಮ! ‘ತಾರಿ ತಪ್ಪತದೆ, ಓಡು’ ಅಂದ್ರು. ಹೆಬ್ಬೆಟ್ಟು ಒತ್ತಿ ಓಡ್ದೆ. ಒಳ್ಳೇವ್ರು ಅವ್ರು. ಆ ದಿನ ತಾರಿ ಸಿಕ್ಕಿದ್ದು ಅವರಿಂದ.”

ಮತ್ತೆ ಕಾಗದ ನೋಡಿದೆ. ಅವಳ ಮಾತು ಮುಗಿದಲ್ಲಿ, ಅಡಿಯಲ್ಲಿ, ಇನ್ನೊಂದು ಸಾಲು ಇತ್ತು. ಐದು ಇಂಗ್ಲಿಷ್ ಶಬ್ದ. ಆ ಐದು ಶಬ್ದಗಳ ಆಕಾರವನ್ನು ನಾನು ಎಲ್ಲೋ ಕಂಡಿದ್ದೆ. ಎಲ್ಲಿ ಎಂದು ಹೊಳೆದಾಗ ಕಾಗದವನ್ನು ಕೆಳಗಿಟ್ಟೆ. ನನ್ನ ಚಾಪೆಯ ಮೇಲೆ. ಸಂಡಿಗೆಯ ಪಕ್ಕದಲ್ಲಿ. ನೇರಳೆ ಶಾಯಿಯಲ್ಲಿ. ಅದರ ಅರ್ಥ: ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು.

ಭಾನುವಾರ ಬೆಳಿಗ್ಗೆ, ಸಾಕ್ಷಿ ಇನ್ನೂ ಬಾಯಿ ತೆರೆಯುವ ಮೊದಲೇ, ಸಾಕ್ಷಿ ಯಾರೆಂದು ಗೊತ್ತಾಗುವ ಮೊದಲೇ, ಸಾಕ್ಷಿಯ ಒಪ್ಪಿಗೆ ಬಿದ್ದಾಗಿತ್ತು. ಆ ಒಪ್ಪಿಗೆಯನ್ನು ಬಿಸಿಲಿಗೆ ಹಾಕಿ ಒಣಗಿಸಿ ಕಲ್ಲು ಇಟ್ಟು ಕಾದವಳು ನಾನು.

“ಎಂತಾತು ಅಮ್ಮ? ನಾ ತಪ್ಪು ಹೇಳಿದ್ನ?” ಎಂದಳು ಮಾದೇವಿ.

“ನೀನಲ್ಲ” ಎಂದೆ. ಕಾಗದವನ್ನು ಮಡಚಿ ನನ್ನ ಪುಸ್ತಕದೊಳಗೆ ಇಟ್ಟೆ.

ಸಂಜೆ ಅವರು ಬಂದು ಕೊಡೆ ತೂಗುಹಾಕುವವರೆಗೆ ಕಾದೆ. ಬೇಲಿ ದಾಟಿ ಹೋಗಿ ಕಾಗದವನ್ನೂ ನನ್ನ ಪುಸ್ತಕವನ್ನೂ ಅವರ ಮುಂದೆ ಇಟ್ಟೆ. ಅವರು ಓದಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಯಿತು. ಒಂದು ಕಡೆ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದರು. ಅಲ್ಲೇ ನಿಂತಿತು.

“ಹಳೇ ಟೈಮು” ಎಂದರು. ಸ್ವರ ಅವರದ್ದಾಗಿರಲಿಲ್ಲ.

“ಅಣ್ಣ, ಲೆಕ್ಕ ಯಾರಿಗಾದ್ರೂ ತಪ್ಪತದೆ. ಅವಳಿಗೆ ಓದಿ ಹೇಳಿದ್ರಾ?”

“ಇಲ್ಲ.”

ಇಲ್ಲ ಎಂದಾರು, ಮರೆತೆ ಎಂದಾರು, ಎಲ್ಲಕ್ಕೂ ನಾನು ಸಿದ್ಧಳಾಗಿಯೇ ಹೋಗಿದ್ದೆ. ಮುಂದಿನ ಮಾತಿಗೆ ಸಿದ್ಧಳಾಗಿರಲಿಲ್ಲ.

“ಇದೊಂದೇ ಅಲ್ಲ ತಂಗಿ. ತಾರಿ ಇದ್ದವರಿಗೆ ಓದಲಿಲ್ಲ. ಮಳೆ ಬಂದ ದಿನ ಓದಲಿಲ್ಲ. ಹಾಲೂಡಿಸೂ ಹೆಂಗಸರಿಗೆ, ಮಗು ಅಳ್ತದೆ ಅಂತ ಓದಲಿಲ್ಲ. ಎಲ್ಲ ಕನಿಕರದಿಂದ್ಲೇ ಬಿಟ್ಟದ್ದು. ಎಷ್ಟು, ಯಾರ್ಯಾರದ್ದು, ನನಗೇ ನೆನಪಿಲ್ಲ.”

ಒಳಗಿನಿಂದ ಅಕ್ಕ ಗೋಡೆ ಹಿಡಿದುಕೊಂಡು ಬಂದರು. ಎಲ್ಲ ಕೇಳಿಸಿಕೊಂಡಿದ್ದರು. “ಪೆನ್ಶನ್ನಿಗೆ ಇನ್ನು ಎಂಟು ತಿಂಗಳು. ಬಾಯಿ ಮುಚ್ಚಿ ಕೂತ್ಕಣಿ” ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದರು. “ನಿನಗೆ ನಾಲ್ಕಕ್ಷರ ಕಲಿಸಿದ್ದಕ್ಕೆ ಇದನೆ ನೀ ಕೊಟ್ಟದ್ದು? ನಿನ್ನ ಮನೆಗೆ ಎಷ್ಟು ಸಲ ಮೀನು ಸಾರು ಕೊಟ್ಟೆ ನಾನು!”

ನಾನು ಪುಸ್ತಕ, ಕಾಗದ ಎತ್ತಿಕೊಂಡು ಬಂದುಬಿಟ್ಟೆ.

ಅಪೀಲಿಗೆ ಮೂವತ್ತು ದಿನ. ಹತ್ತೊಂಬತ್ತು ಕಳೆದಿತ್ತು. ಮಾರನೆಯ ದಿನ ಚೀಟಿ ಬರಲಿಲ್ಲ. ಅವರು ಎಂದಿನಂತೆ ಟೋಪಿ ಹಾಕಿ ಕೋರ್ಟಿಗೆ ಹೋದರು, ಎಂದಿನಂತೆ ಬಂದರು. ಬೇಲಿಯ ಕಡೆ ನೋಡಲಿಲ್ಲ. ನನ್ನ ಪುಸ್ತಕದಲ್ಲಿ ಆ ದಿನಗಳಿಗೆ ಪಲ್ಯವಿಲ್ಲ, ಮೀನಿಲ್ಲ. “ಇಂದೂ ಹೋಗಲಿಲ್ಲ” ಎಂದು ನಾಲ್ಕು ಸಲ ಬರೆದಿದೆ. ನಮ್ಮ ಮನೆಯವರು, “ಹೇಳೂದು ಹೇಳಿದ್ದಾತು, ಇನ್ನು ಸುಮ್ಮನಿರು” ಎಂದರು. ಮೆಟ್ಟಲಿನ ಲೆಕ್ಕ ಹೇಳಿಕೊಟ್ಟವರು, ಒಬ್ಬ ಮನುಷ್ಯ ತಪ್ಪಿಲ್ಲದೆ ಐದನೆಯ ಮೆಟ್ಟಲಲ್ಲಿ ನಿಂತಿರುವಾಗ, ಕೊಡೆ ಹಿಡಿದು ಹೋಗಿ ಬಂದು ಮಾಡುತ್ತಿದ್ದಾರಲ್ಲ! ಒಂಬತ್ತನೆಯ ದಿನದವರೆಗೆ ನೋಡಿ, ನಾನೇ ವಕೀಲರ ಮನೆಗೆ ಹೋಗುವುದು ಎಂದು ಗಟ್ಟಿ ಮಾಡಿಕೊಂಡೆ.

ಐದನೆಯ ದಿನ ಬೆಳಿಗ್ಗೆ ಅವರು ಬೇಲಿಯ ಹತ್ತಿರ ನಿಂತಿದ್ದರು. ಒಗೆದ ಕೋಟು, ಟೋಪಿ, ಕೈಯಲ್ಲಿ ಚೀಲ.

“ಆ ಪುಸ್ತಕ ಕೊಡು ತಂಗಿ.”

“ಬೇಕಾದ ಪುಟ ಬರೆದು ಕೊಡ್ಲಾ ಅಣ್ಣ?”

“ಮೂಲವೇ ಬೇಕು. ನಕಲು ನಡೆಯೂದಿಲ್ಲ.”

ವಕೀಲರನ್ನು ಕರೆದುಕೊಂಡು ಇದ್ದಿಲಿನ ಬಸ್ಸು ಹತ್ತಿ ಕಾರವಾರಕ್ಕೆ ಹೋದರು. ಓದಿ ಹೇಳಲಿಲ್ಲ, ಶಿಕ್ಕೆ ಮೊದಲೇ ಒತ್ತಿದ್ದು, ಗಂಟೆ ಹಳೆಯದು ಎಂದು ಪ್ರಮಾಣ ಮಾಡಿ ಬರೆದುಕೊಟ್ಟರು. ನನ್ನ ಪುಸ್ತಕ ತಿರುಗಿ ಬರುವ ಮೊದಲು ಜಡ್ಜಿಯವರ ಮೇಜಿನ ಮೇಲೂ ಹೋಗಿತ್ತಂತೆ. ಅದರಲ್ಲಿ ಹಾಗಲಕಾಯಿ ಕಹಿ ಬಿಟ್ಟದ್ದು, ನಮ್ಮ ಮನೆಯವರಿಗೆ ಭೇದಿಯಾದದ್ದು ಎಲ್ಲ ಇತ್ತು. ನಮ್ಮ ಮನೆಯವರು ಇದಕ್ಕಾಗಿ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಹೊನ್ನಪ್ಪ ಬಿಡುಗಡೆಯಾಗಿ ಬರುವ ಹೊತ್ತಿಗೆ ಅವನ ಮಗುವಿಗೆ ನಾಲ್ಕು ತಿಂಗಳು. ಡಿಪೋಕ್ಕೆ ಬೆಂಕಿ ಹೇಗೆ ಬಿತ್ತೆಂದು ಕಡೆಗೂ ಯಾರಿಗೂ ತಿಳಿಯಲಿಲ್ಲ. ಮಾದೇವಿ ಬಂದು, “ಇಳಿದ ಅಮ್ಮ, ಐದೂ ಮೆಟ್ಟಲು ಇಳಿದ. ಮಗು ಮಾತ್ರ ಅವನ ಗಡ್ಡ ಕಂಡು ಅಳ್ತದೆ” ಎಂದಳು. ಹೇಳುತ್ತ ಪಕ್ಕದ ಮನೆಯ ಕಡೆ ನೋಡಿದಳು. ಅಷ್ಟರಲ್ಲಿ ಕೋರ್ಟಣ್ಣನ ಕೆಲಸ ಹೋಗಿತ್ತು. ಸುಳ್ಳು ದಾಖಲೆ ಮಾಡಿದ್ದಕ್ಕೆ ಅವರ ಮೇಲೆ ಖಟ್ಲೆ ಆಗಿತ್ತು. ಅವರು ಹತ್ತಲು ಹೊರಟಿದ್ದರು.

ಅವರ ಖಟ್ಲೆಯ ದಿನ ನಾನು ಕೋರ್ಟಿಗೆ ಹೋದೆ. ಹೆಂಗಸರು ಸುಮ್ಮನೆ ನೋಡಲು ಹೋಗುವ ಜಾಗವಲ್ಲ ಅದು. ಮಾದೇವಿ ಜೊತೆಗೆ ಬಂದಳು. ಇಪ್ಪತ್ತು ಹೆಜ್ಜೆ ಉದ್ದದ ಕೋಣೆ. ಅವರು ದಿನವೂ ಕೂರುತ್ತಿದ್ದ ಮೇಜಿನಿಂದ ಕಟಕಟೆಗೆ ನಾಲ್ಕು ಹೆಜ್ಜೆ. ಅವರನ್ನು ಅದರೊಳಗೆ ಕಂಡು ನಾನು ಮಾದೇವಿಯ ತೋಳನ್ನು ಗಟ್ಟಿಯಾಗಿ ಹಿಡಿದೆ. ಟೋಪಿ ಇರಲಿಲ್ಲ. ಅವರ ತಲೆ ಅಷ್ಟು ಬೋಳು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಾಹೇಬರು ಹೊಸಬರು, ಕಾರಕೂನರೂ ಹೊಸಬರು. ಕೋರ್ಟಣ್ಣ ಇಂಗ್ಲಿಷಿನಲ್ಲಿ ಒಂದು ಮಾತೂ ಆಡಲಿಲ್ಲ. ಎಲ್ಲ ಕನ್ನಡದಲ್ಲಿ ಹೇಳಿದರು, ಸಾವಕಾಶವಾಗಿ, ಬರೆಯುವವರಿಗೆ ಕಷ್ಟವಾಗದಂತೆ. ತಪ್ಪು ಒಪ್ಪಿಕೊಂಡರು. ಬರೆದು ಮುಗಿಯಿತು. ಗೋಡೆಯ ಗಡಿಯಾರ ಐದು ಹೊಡೆಯಿತು. ಹೊಸ ಕಾರಕೂನರು ಮೇಜಿನ ಮೇಲಿಂದ ಏನೋ ತೆಗೆದು ಹಾಳೆಯ ಅಡಿಗೆ ಒತ್ತಲು ಹೋದರು. ಹಿಡಿ ಸವೆದ ಅದೇ ರಬ್ಬರಿನ ಶಿಕ್ಕೆ.

“ಮೊದಲು ಓದಿ ಹೇಳಿ” ಎಂದರು ಕೋರ್ಟಣ್ಣ.

ಹೊಸ ಕಾರಕೂನರು ಸಾಹೇಬರ ಮುಖ ನೋಡಿದರು. ಸಾಹೇಬರು ಕೈ ಆಡಿಸಿ ಏನೋ ಅಂದರು. ಕಾರಕೂನರು ತಿರುಗಿಸಿ ಹೇಳಿದರು: “ನಿಮಗೆ ಇಂಗ್ಲಿಷ್ ಬರ್ತದೆ, ಹೇಳಿದ್ದೂ ನೀವೇ. ಅವಶ್ಯಕತೆ ಇಲ್ಲ ಅಂತ ಹೇಳ್ತಾರೆ.”

“ಅವಶ್ಯಕತೆ ಅದೆ. ಓದಿ.”

ಓದಿದರು. ಪಂಖದ ಹಗ್ಗ ಕಿರಕ್ ಕಿರಕ್ ಎನ್ನುತ್ತಿತ್ತು. ಮಾದೇವಿ ನನ್ನ ಕಿವಿಯಲ್ಲಿ, “ತಾರಿ ತಪ್ಪತದೆ ಅಮ್ಮ” ಎಂದಳು. ಆದರೆ ಏಳಲಿಲ್ಲ.

ಅರ್ಧ ಓದುವಾಗ ಕೋರ್ಟಣ್ಣ ಕೈ ಎತ್ತಿದರು. “ಅಲ್ಲಿ ನಿಲ್ಲಿಸಿ. ಎಂತ ಬರೆದದ್ದು?”

“ಅವಸರದಲ್ಲಿ ಒಂದು ಸಲ ಓದಿ ಹೇಳಲು ಬಿಟ್ಟುಹೋಯಿತು.”

ಹಾಗೆಯೇ ಇದ್ದಿದ್ದರೆ ದಂಡ ಕಟ್ಟಿಸಿ ಬಿಡುತ್ತಿದ್ದರು, ಪೆನ್ಶನ್ನಿನಲ್ಲಿ ಸ್ವಲ್ಪವಾದರೂ ಉಳಿಯುತ್ತಿತ್ತು ಎಂದು ಆಮೇಲೆ ವಕೀಲರು ಹೇಳಿದರು. ಬರೆದವರು ಕನಿಕರದಿಂದಲೇ ಹಾಗೆ ಬರೆದಿದ್ದರೋ ಏನೋ.

“ನಾನು ಹೇಳಿದ್ದು ಹಾಗಲ್ಲ. ಒಂದು ಸಲ ಅಲ್ಲ, ಬಹಳ ಸಲ. ವರ್ಷಗಟ್ಟಲೆ. ಅವಸರದಲ್ಲೂ ಅಲ್ಲ, ಭಾನುವಾರ ಮನೆಯಲ್ಲಿ ಕೂತು, ಬೇಕೂ ಅಂತ. ತಿದ್ದಿ ಬರೆಯಿರಿ.”

ಯಾರೋ ಹಿಂದಿನ ಬೆಂಚಿನಲ್ಲಿ “ಅಯ್ಯೋ” ಎಂದರು. ಅದು ನನ್ನದೇ ಸ್ವರವಿರಬಹುದು. ಸಾಹೇಬರು ಪೆನ್ನು ಕೆಳಗಿಟ್ಟು ಅವರನ್ನು ನೋಡಿದರು. ಮತ್ತೆ ಪೆನ್ನು ತೆಗೆದುಕೊಂಡು ಹೊಡೆದು ಹಾಕಿ ಬರೆದರು. ಕಾರಕೂನರು ಮೊದಲಿನಿಂದ ಪುನಃ ಓದಿದರು, ಕಡೆಯವರೆಗೆ.

“ಸರಿಯೇ?”

“ಸರಿ” ಎಂದು ಕೋರ್ಟಣ್ಣ ಸಹಿ ಮಾಡಿದರು. ಆಮೇಲೆ ಶಿಕ್ಕೆ ಬಿತ್ತು.

ಮೂರು ತಿಂಗಳು, ಸಿಂಪಲ್. ಪೆನ್ಶನ್ ಇಲ್ಲ. ಪಟ್ಟೇವಾಲನ ಹಿಂದೆ ಹೊರಗೆ ಹೋಗುವಾಗ ಅವರು ನಮ್ಮ ಬೆಂಚಿನ ಹತ್ತಿರ ಒಂದು ಗಳಿಗೆ ನಿಂತರು. ನಾನು ತಲೆ ಎತ್ತಲಿಲ್ಲ. ಅವರು ಮಾತಾಡಿಸಿದ್ದು ಮಾದೇವಿಯನ್ನು.

“ನೀ ಇನ್ನೂ ಇಲ್ಲೇ ಇದ್ಯ? ತಾರಿ?”

“ಹೋತು” ಎಂದಳು ಮಾದೇವಿ. “ಹೋಗ್ಲಿ ಒಡೆಯಾ. ಪೂರ್ತಿ ಕೇಳ್ದೆ.”

ಅವರು ತಲೆ ಆಡಿಸಿದರು. ಅವರ ಹೆಬ್ಬೆರಳು ಕಿರುಬೆರಳ ಗೆಣ್ಣಿನ ಮೇಲೆ ಹೋಗಿ ನಿಂತದ್ದು ಕಂಡಿತು. ಆಮೇಲೆ ಕೈ ಬಿಟ್ಟರು.

ಆ ದಿನದ ಪುಟ ನನ್ನ ಹತ್ತಿರ ಇದೆ. ಗೆರೆಯ ಎರಡೂ ಬದಿ ಖಾಲಿ. ಅಡಿಯಲ್ಲಿ ಒಂದು ಸಾಲು: “ಮಾದೇವಿಗೆ ತಾರಿ ತಪ್ಪಿತು. ನಮ್ಮಲ್ಲೇ ಉಳಿದಳು.”